ಪಾವನಜೀವನದಲ್ಲಿ ಉಳಿಯುವ ಕುಂದು: ಕ್ರೈಸ್ತಸಂತ ಆಗಸ್ಟೀನನ ಸಾಕ್ಷ್ಯ

(ಮಹೋತ್ಸವದ ಧರ್ಮಗೋಷ್ಠಿಯಲ್ಲಿ ಮಾಡಿದ ಭಾಷಣ)

ನನಗೆ ಒಪ್ಪಿಸಿರುವ ವಿಷಯಕ್ಕೆ ಬರುತ್ತೇನೆ. ಕ್ರೈಸ್ತಮತದಲ್ಲಿ ಪಾವನಜೀವನವೆಂದರೇನು, ಕುಂದುಳ್ಳ ಮನುಷ್ಯನು ಅದಕ್ಕೆ ಅರ್ಹನಾಗುವುದೆಂತು ಎಂಬುದೇ ಆ ವಿಷಯ. ತತ್ತ್ವಗಳನ್ನು ಒಂದೊಂದಾಗಿ ವಿವರಿಸುವುದಕ್ಕಿಂತ ಆ ಪ್ರಶ್ನೆಯನ್ನು ಬಾಳೆಲ್ಲ ಹೊತ್ತ ಒಬ್ಬ ಮನುಷ್ಯನನ್ನು ನೋಡುವುದು ಲೇಸು. ಆತನೇ ಸಂತ ಆಗಸ್ಟೀನ್.

ಆತನು ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯೆಂಬ ಊರಿನಲ್ಲಿ ಹುಟ್ಟಿದನು; ಅದು ಈಗಿನ ಅಲ್ಜೀರಿಯ ದೇಶಕ್ಕೆ ಸೇರಿದೆ. ತಾಯಿ ಮೋನಿಕಾ ದೈವಭಕ್ತೆ. ಮಗನಾದರೋ ಭಾಷಣಕಲೆಯಲ್ಲಿ ಪಂಡಿತನಾಗಿ, ಕೀರ್ತಿಯನ್ನರಸುತ್ತ, ಕಾರ್ಥೇಜ್, ರೋಮ್, ಮಿಲಾನ್ ನಗರಗಳಲ್ಲಿ ಪಾಠ ಹೇಳುತ್ತಿದ್ದನು. ಹಲವು ವರ್ಷ ಒಬ್ಬ ಸ್ತ್ರೀಯೊಡನೆ ಮದುವೆಯಿಲ್ಲದೆ ಬಾಳಿ, ಅವಳಲ್ಲಿ ಒಬ್ಬ ಮಗನನ್ನು ಪಡೆದು, ಸಿರಿವಂತರ ಸಂಬಂಧ ಒದಗಿದಾಗ ಅವಳನ್ನು ಊರಿಗೆ ಕಳುಹಿಸಿಬಿಟ್ಟನು. 386ರಲ್ಲಿ ಆತನ ಮನಸ್ಸು ತಿರುಗಿತು. ಮರುವರ್ಷ ಮಿಲಾನಿನ ಧರ್ಮಾಧ್ಯಕ್ಷ ಆಂಬ್ರೋಸನಿಂದ ದೀಕ್ಷಾಸ್ನಾನ ಪಡೆದು, ಆಫ್ರಿಕಕ್ಕೆ ಹಿಂದಿರುಗಿ, ಮುಂದೆ ಹಿಪ್ಪೊ ಪಟ್ಟಣದ ಧರ್ಮಾಧ್ಯಕ್ಷನಾದನು.

ಪಾಪಿಯಾಗಿದ್ದವನು ಪುಣ್ಯಾತ್ಮನಾದ ಕಥೆ ಎಲ್ಲ ಮತಗಳಲ್ಲಿಯೂ ಉಂಟು. ಆದಕಾರಣ ಆತನ ಹಿರಿಮೆಯನ್ನು ಮನಸ್ಸು ತಿರುಗಿದ ಆ ಗಳಿಗೆಯಲ್ಲಿ ನಾನು ಹುಡುಕುವುದಿಲ್ಲ. ತಿರುಗಿ ಹತ್ತು ವರ್ಷಗಳು ಕಳೆದು, ಪೀಠದಲ್ಲಿ ಕುಳಿತ ಮೇಲೆ, ಆತನು ಲ್ಯಾಟಿನ್ ಭಾಷೆಯಲ್ಲಿ ‘ಕನ್ಫೆಷನ್ಸ್’ ಎಂಬ ಗ್ರಂಥವನ್ನು ಬರೆದನು. ಆತ್ಮನಿವೇದನೆಯೆಂದು ಅದನ್ನು ಕರೆಯಬಹುದು. ಹದಿಮೂರು ಭಾಗಗಳಲ್ಲಿ ಮೊದಲ ಒಂಬತ್ತು ಹಿಂದಿನ ಬಾಳಿಗೆ ಮೀಸಲು. ಹತ್ತನೆಯದರಲ್ಲಿ ಮಾತು ಬದಲಾಗುತ್ತದೆ. ಹಿಂದೆ ಹೇಗಿದ್ದೆನೆಂಬುದನ್ನು ಬಿಟ್ಟು, ಇಂದು ಹೇಗಿದ್ದೇನೆಂಬುದನ್ನು ಆತನು ದೇವರ ಮುಂದೆ ಬಿಚ್ಚಿಡುತ್ತಾನೆ.

ಅಲ್ಲಿ ಬರುವ ಸಂಗತಿಗಳು ಎಷ್ಟು ಸಣ್ಣವು! ಆಹಾರವನ್ನು ಔಷಧದಂತೆ ಸೇವಿಸಬೇಕೆಂದು ಕಲಿತಿದ್ದರೂ, ಹಸಿವು ಅಡಗುವ ಹೊತ್ತಿನಲ್ಲಿ ರುಚಿಯ ಆಸೆ ಮೆಲ್ಲನೆ ಸೇರಿಕೊಳ್ಳುತ್ತದೆ. ಪ್ರಾರ್ಥನೆಯಲ್ಲಿ ಕೀರ್ತನೆ ಹಾಡುವಾಗ ಅರ್ಥಕ್ಕಿಂತ ರಾಗಕ್ಕೆ ಮನಸ್ಸು ಕರಗುತ್ತದೆ. ನಾಟಕಗಳನ್ನೂ ಸರ್ಕಸ್ಸಿನ ಆಟಗಳನ್ನೂ ನೋಡುವುದನ್ನು ಬಿಟ್ಟಾಯಿತು. ಆದರೆ ಹಾದಿಯಲ್ಲಿ ನಾಯಿಯೊಂದು ಮೊಲವನ್ನು ಅಟ್ಟಿದರೆ ಧ್ಯಾನ ಮುರಿದು ಕಣ್ಣು ಅತ್ತ ಹೋಗುತ್ತದೆ. ಮನೆಯಲ್ಲಿ ಹಲ್ಲಿ ನೊಣ ಹಿಡಿಯುವುದನ್ನು ನೋಡುತ್ತ ಕುಳಿತುಬಿಡುತ್ತಾನೆ. ಎಲ್ಲಕ್ಕೂ ಕಠಿನವಾದುದು ಹೊಗಳಿಕೆ. ಹೊಗಳಿಕೆಯನ್ನು ತಿರಸ್ಕರಿಸಿದೆನೆಂಬ ಹೆಮ್ಮೆಯೇ ಮತ್ತೊಂದು ಹೊಗಳಿಕೆಯ ಆಸೆಯಾಗಿ ಬರುತ್ತದೆಂದು ಆತನು ಕಂಡುಕೊಂಡನು. ಇದನ್ನು ಓದತಕ್ಕವರು ಯಾರು? ಆತನ ಶಿಷ್ಯರು, ಆತನ ಬಾಯಿಂದ ಉಪದೇಶ ಕೇಳುವ ಭಕ್ತರು, ಆತನ ಹಳೆಯ ಬಾಳನ್ನು ಎತ್ತಿ ಆಡುತ್ತಿದ್ದ ವಿರೋಧಿಗಳು. ಗುರುಸ್ಥಾನದಲ್ಲಿರುವವರು ಹೀಗೆ ಬರೆದುಕೊಡುವುದು ಅಂದಿಗೂ ಸುಲಭವಾಗಿರಲಿಲ್ಲ.

ಈ ಗ್ರಂಥವೇ ಒಂದು ವಾದಕ್ಕೆ ಕಾರಣವಾಯಿತು. ಬ್ರಿಟನ್ನಿನಿಂದ ಬಂದು ರೋಮಿನಲ್ಲಿ ನೆಲಸಿದ್ದ ಪೆಲೇಜಿಯಸ್ ಎಂಬ ವ್ರತಸ್ಥನು ಅದರೊಳಗಿನ ಒಂದು ಪ್ರಾರ್ಥನೆಯನ್ನು ಕೇಳಿ ಕೆರಳಿದನು. ದೇವರು ಏನನ್ನು ಆಜ್ಞಾಪಿಸುತ್ತಾನೋ ಅದನ್ನು ನಡೆಸುವ ಶಕ್ತಿಯನ್ನೂ ಅವನೇ ಕೊಡಲಿ ಎಂಬುದು ಆ ಪ್ರಾರ್ಥನೆಯ ಭಾವ. ಹೀಗೆಂದರೆ ಜನರು ಪ್ರಯತ್ನವನ್ನೇ ಬಿಟ್ಟಾರು. ಅಸಾಧ್ಯವಾದುದನ್ನು ದೇವರು ಆಜ್ಞಾಪಿಸನು. ಮನಸ್ಸುಮಾಡಿದರೆ ಮನುಷ್ಯನು ನಿಷ್ಪಾಪನಾಗಿ ಬಾಳಬಲ್ಲನು ಎಂದು ಪೆಲೇಜಿಯಸನ ಪಕ್ಷ. ಈ ಆಕ್ಷೇಪವು ಹಗುರವಾದುದಲ್ಲ. ಈ ಸಭೆಯಲ್ಲಿಯೂ ಅನೇಕರಿಗೆ ಅದೇ ಸರಿಯೆಂದು ತೋರಬಹುದು. ಆಗಸ್ಟೀನನ ಉತ್ತರವು ಸರಳ. ಯೇಸು ಕಲಿಸಿದ ನಿತ್ಯಪ್ರಾರ್ಥನೆಯಲ್ಲಿ ನಮ್ಮ ತಪ್ಪುಗಳನ್ನು ಕ್ಷಮಿಸೆಂಬ ಬೇಡಿಕೆಯಿದೆಯಷ್ಟೆ. ಅದನ್ನು ಹೇಳಬೇಕಾಗಿಲ್ಲದ ಸಂತನು ಯಾರು? 418ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಧರ್ಮಾಧ್ಯಕ್ಷರ ಸಭೆಯು ಇದನ್ನೇ ನಿರ್ಣಯಿಸಿತು. ಸಂತರು ಆ ಮಾತನ್ನು ಪರರಿಗಾಗಿ ಮಾತ್ರ ಹೇಳುತ್ತಾರೆಂದಾಗಲಿ, ವಿನಯಕ್ಕಾಗಿ ಮಾತ್ರ ಹೇಳುತ್ತಾರೆಂದಾಗಲಿ ಬೋಧಿಸಕೂಡದು. ಅವರು ತಮಗಾಗಿಯೇ, ನಿಜವಾಗಿಯೇ ಹೇಳುತ್ತಾರೆ.

ಹಾಗಾದರೆ ಕುಂದು ಎಲ್ಲರಿಗೂ ಇದ್ದದ್ದೇ ಎಂದು ಆತನು ಕೈಕಟ್ಟಿ ಕುಳಿತನೆ? ಇಲ್ಲ. ಹಿಪ್ಪೊದಲ್ಲಿ ಆತನೂ ಆತನ ಪುರೋಹಿತರೂ ಸ್ವಂತ ಆಸ್ತಿಯಿಲ್ಲದೆ ಒಂದೇ ಮನೆಯಲ್ಲಿ ಕೂಡಿ ಬಾಳುತ್ತಿದ್ದರು. ಊಟದ ಮೇಜಿನ ಮೇಲೆ, ಇಲ್ಲದವರ ಬಾಳನ್ನು ಆಡಿಕೊಳ್ಳುವವನಿಗೆ ಇಲ್ಲಿ ಸ್ಥಳವಿಲ್ಲವೆಂಬ ಅರ್ಥದ ಪದ್ಯವೊಂದು ಬರೆದಿತ್ತು. ಅತಿಥಿಗಳಾಗಿ ಬಂದ ಧರ್ಮಾಧ್ಯಕ್ಷರೇ ಅದನ್ನು ಮರೆತಾಗ, ಪದ್ಯವನ್ನು ಅಳಿಸಬೇಕು, ಇಲ್ಲವೆ ನಾನು ಎದ್ದುಹೋಗುತ್ತೇನೆಂದು ಗದರಿದನಂತೆ. ಇದನ್ನು ಆತನ ಶಿಷ್ಯನೂ ಚರಿತ್ರಕಾರನೂ ಆದ ಪೊಸಿಡಿಯಸನು ಬರೆದಿಟ್ಟಿದ್ದಾನೆ. ಆ ಮನೆಯಲ್ಲಿಯೇ ಜನ್ವಾರಿಯಸ್ ಎಂಬ ಪುರೋಹಿತನು, ಮಗಳಿಗೆ ಸೇರಿದ್ದೆಂಬ ನೆವದಿಂದ ಹಣವನ್ನಿಟ್ಟುಕೊಂಡಿದ್ದು, ಸಾಯುವಾಗ ಮಕ್ಕಳನ್ನು ಬಿಟ್ಟು ಅದನ್ನು ಚರ್ಚಿಗೆ ಬರೆದುಕೊಟ್ಟನು. ಆಗಸ್ಟೀನನು ಆ ಹಣವನ್ನು ಮುಟ್ಟಲಿಲ್ಲ, ಮುಚ್ಚಿಡಲೂ ಇಲ್ಲ. 425ರ ಕೊನೆಯಲ್ಲಿ ಭಕ್ತರ ಮುಂದೆ ಎಲ್ಲವನ್ನೂ ಹೇಳಿ, ಆಸ್ತಿ ಬೇಕೆನ್ನುವವರು ಬಹಿರಂಗವಾಗಿ ಹೊರಗೆ ಬಾಳಲಿ, ಕಪಟಿಗಳು ಮಾತ್ರ ತನಗೆ ಬೇಡವೆಂದನು. ಮುಂದಿನ ವರ್ಷದ ಆರಂಭದಲ್ಲಿ ಒಬ್ಬೊಬ್ಬ ಪುರೋಹಿತನ ಲೆಕ್ಕವನ್ನೂ ಸಭೆಗೆ ಒಪ್ಪಿಸಿದನು. ತನಗೆ ಬೆಲೆಬಾಳುವ ಉಡುಪನ್ನು ಯಾರೂ ತರಬಾರದು, ತಂದರೆ ಮಾರಿಬಿಡುವುದಾಗಿಯೂ ತಿಳಿಸಿದನು. ಧರ್ಮಸಂಸ್ಥೆಯ ಲೆಕ್ಕ ಭಕ್ತರಿಗೆ ತಿಳಿಯತಕ್ಕದ್ದೆಂಬುದು ಎಷ್ಟು ಹಳೆಯ ಮಾತು ನೋಡಿರಿ!

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಭಾಷಣವು ಬರಿಯ ಸ್ತುತಿಯಾದೀತು. ಆ ದೇಶದಲ್ಲಿ ಡೊನಾಟಸ್ ಪಂಥದವರೆಂಬ ಕ್ರೈಸ್ತರಿದ್ದರು. ಡಯೊಕ್ಲೀಷಿಯನ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ, ಅಂದರೆ 303ರ ಬಳಿಕ, ಹೆದರಿ ಧರ್ಮಗ್ರಂಥಗಳನ್ನು ಒಪ್ಪಿಸಿದವರಿಂದ ಬಂದ ದೀಕ್ಷೆಯು ದೀಕ್ಷೆಯೇ ಅಲ್ಲ, ತಾವು ಮಾತ್ರ ಶುದ್ಧರು ಎಂದು ಅವರು ವಾದಿಸುತ್ತಿದ್ದರು. ದೀಕ್ಷೆಯ ಪಾವಿತ್ರ್ಯವು ಕ್ರಿಸ್ತನದು, ಕೊಡುವವನದಲ್ಲ. ಸುಗ್ಗಿಯವರೆಗೆ ಬೆಳೆಯೂ ಕಳೆಯೂ ಒಂದೇ ಹೊಲದಲ್ಲಿ ಇರತಕ್ಕವೇ ಎಂದು ಆಗಸ್ಟೀನನು ಉತ್ತರಕೊಟ್ಟನು. ಉತ್ತರವು ಉದಾರವಾದುದು. ಆದರೆ ನಡತೆ? ಬಲಾತ್ಕಾರ ಸಲ್ಲದೆಂದು ಮೊದಲು ಹೇಳಿದವನು ಬರಬರುತ್ತ ರಾಜದಂಡವನ್ನು ಒಪ್ಪಿದನು. 411ರ ಕಾರ್ಥೇಜಿನ ಚರ್ಚೆಯ ಬಳಿಕ 412ರಲ್ಲಿ ಆ ಪಂಥದವರ ಮೇಲೆ ದಂಡವನ್ನೂ ಅವರ ಚರ್ಚುಗಳ ಮುಟ್ಟುಗೋಲನ್ನೂ ವಿಧಿಸಿದಾಗ ಅದನ್ನು ಸಮರ್ಥಿಸಿದನು. ಮರಣದಂಡನೆ ಕೂಡದೆಂದು ಬೇಡಿಕೊಂಡನೆಂಬುದೂ ನಿಜ. ಮುಪ್ಪಿನಲ್ಲಿ ತನ್ನ ಗ್ರಂಥಗಳನ್ನೆಲ್ಲ ತಿರುವಿಹಾಕಿ ತಪ್ಪುಗಳನ್ನು ತಾನೇ ಪಟ್ಟಿಮಾಡಿದನು. ಅದರಲ್ಲಿ ಈ ವಿಷಯವೂ ಬರುತ್ತದೆ. ಆದರೆ ಆತನು ತಿದ್ದಿಕೊಂಡದ್ದು ಬಲಾತ್ಕಾರವನ್ನಲ್ಲ, ಬಲಾತ್ಕಾರ ಬೇಡವೆಂದಿದ್ದ ಹಳೆಯ ಮಾತನ್ನು! ಹಲ್ಲಿಯನ್ನು ನೋಡುತ್ತ ಕುಳಿತದ್ದನ್ನು ಕಂಡುಹಿಡಿದ ಕಣ್ಣಿಗೆ ಇದು ಕಾಣಲಿಲ್ಲ.

430ರಲ್ಲಿ ವಾಂಡಲರ ಸೇನೆ ಹಿಪ್ಪೊವನ್ನು ಮುತ್ತಿತು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಆಗಸ್ಟೀನನು ಜ್ವರದಿಂದ ಮಲಗಿದನು. ಎಷ್ಟೇ ಸಜ್ಜನನಾದರೂ, ಧರ್ಮಾಧ್ಯಕ್ಷನೇ ಆದರೂ, ಪಶ್ಚಾತ್ತಾಪಪಡದೆ ದೇಹ ಬಿಡಬಾರದೆಂದು ಆತನು ಹಿಂದೆ ಹೇಳುತ್ತಿದ್ದನಂತೆ. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ, ಹಾಸಿಗೆಯಿಂದ ಕಾಣುವಂತೆ ಗೋಡೆಗೆ ತೂಗಿಸಿದನು. ವೈದ್ಯರು ಬರುವ ಹೊತ್ತು, ಆಹಾರ ತರುವ ಹೊತ್ತು ಹೊರತು ಒಳಗೆ ಯಾರೂ ಬರಕೂಡದೆಂದು ಅಪ್ಪಣೆ ಮಾಡಿ, ಸುಮಾರು ಹತ್ತು ದಿನಗಳು ಅವನ್ನು ಓದುತ್ತ ಅಳುತ್ತಿದ್ದನು. ಆಗಸ್ಟ್ 28ರಂದು ಕಾಲವಾದನು. ಬಡವನಾದ್ದರಿಂದ ಮರಣಪತ್ರವನ್ನು ಬರೆಯಲಿಲ್ಲವೆಂದು ಪೊಸಿಡಿಯಸನು ಹೇಳುತ್ತಾನೆ. ಆ ಹತ್ತು ದಿನ ಯಾವ ಯಾವ ತಪ್ಪನ್ನು ನೆನೆದು ಅತ್ತನೆಂಬುದನ್ನು ಹೇಳುವುದಿಲ್ಲ.