ಬೇಸಗೆಯ ರಜೆಯಲ್ಲಿ ಹಳ್ಳಿಯ ಪಾಠ



ವೈದ್ಯಕೀಯ, ದಾದಿತನ, ಔಷಧವಿಜ್ಞಾನ ಮೊದಲಾದ ವಿದ್ಯೆಗಳನ್ನು ಕಲಿಯುತ್ತಿರುವ ಮಕ್ಕಳ ತಂದೆತಾಯಿಗಳ ಮುಂದೆ ಬೇಸಗೆಯ ರಜೆ ಸಮೀಪಿಸುವಾಗ ಒಂದು ಪ್ರಶ್ನೆ ಬಂದು ನಿಲ್ಲುವುದುಂಟು. ಕಾಲೇಜಿನವರು ಏರ್ಪಡಿಸುವ ಗ್ರಾಮಾರೋಗ್ಯ ಶಿಬಿರಕ್ಕೆ ಮಗನನ್ನೋ ಮಗಳನ್ನೋ ಕಳುಹಿಸಬೇಕೆ, ಬೇಡವೆ? ಬಿಸಿಲು, ನೀರು, ಊಟ, ವಸತಿ ಇವುಗಳ ಚಿಂತೆ ಸಹಜವಾದುದೇ. ಆದರೆ ಇವೆಲ್ಲಕ್ಕಿಂತ ತೂಕವುಳ್ಳ ಸಂದೇಹವೊಂದಿದೆ. ಇನ್ನೂ ಪದವಿ ಪಡೆಯದ ವಿದ್ಯಾರ್ಥಿ ಹಳ್ಳಿಗೆ ಹೋಗಿ ಮಾಡುವುದಾದರೂ ಏನು? ಚಿಕಿತ್ಸೆ ಮಾಡಲು ಅವನಿಗೆ ಅಧಿಕಾರವಿಲ್ಲ. ಉಪದೇಶ ಮಾಡಲು ಅನುಭವವಿಲ್ಲ.

ಈ ಸಂದೇಹ ನ್ಯಾಯವಾದುದೆಂದು ನಾವು ಒಪ್ಪುತ್ತೇವೆ. ಅದಕ್ಕೆ ನಾವು ಕೊಡುವ ಉತ್ತರ ಇಷ್ಟೇ: ವಿದ್ಯಾರ್ಥಿ ಹಳ್ಳಿಗೆ ಹೋಗತಕ್ಕದ್ದು ಕಲಿಸುವುದಕ್ಕಲ್ಲ, ಕಲಿಯುವುದಕ್ಕೆ.

ಹಳ್ಳಿಯ ಜನಕ್ಕೆ ರೋಗದ ತಿಳಿವಳಿಕೆಯಿಲ್ಲ, ತಿಳಿಹೇಳಿದರೆ ಸಾಕು, ಎಲ್ಲವೂ ಸರಿಹೋಗುತ್ತದೆ ಎಂಬುದು ಪಟ್ಟಣದ ವಿದ್ಯಾವಂತರಲ್ಲಿ ಬೇರೂರಿದ ಭಾವನೆ. ಈ ಭಾವನೆಯನ್ನು ನಮ್ಮ ನಾಡಿನಲ್ಲಿಯೇ ಒರೆಗೆ ಹಚ್ಚಿ ನೋಡಿದ್ದಾರೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಅಲ್ಲಿ ಕೆಲಸಮಾಡುತ್ತಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ವಿದ್ವಾಂಸರು ತುಮಕೂರು ಜಿಲ್ಲೆಯ ಹಳ್ಳಿಗಳ ಕ್ಷಯರೋಗಿಗಳನ್ನು ಕುರಿತು ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ರೋಗಿಗಳಲ್ಲಿ ಬಹುಮಂದಿಗೆ ತಮ್ಮ ರೋಗಲಕ್ಷಣಗಳ ಅರಿವು ಚೆನ್ನಾಗಿಯೇ ಇದ್ದಿತು. ಸುಮಾರು ಅರ್ಧದಷ್ಟು ಮಂದಿ ಆಸ್ಪತ್ರೆಯ ಬಾಗಿಲಿಗೂ ಹೋಗಿ ಬಂದಿದ್ದರು. ಆದರೆ ಅಲ್ಲಿ ಅವರ ಕೈಗೆ ಸಾಮಾನ್ಯವಾಗಿ ಬಂದದ್ದು ಕೆಮ್ಮಿನ ಔಷಧದ ಒಂದು ಸೀಸೆ. ರೋಗಿ ತನ್ನ ಕೆಲಸವನ್ನು ಮಾಡಿದ್ದನು. ಕಫವನ್ನು ಪರೀಕ್ಷಿಸಿ ನೋಡುವ ಕೆಲಸವನ್ನು ಮಾಡದೆ ಬಿಟ್ಟವರು ನಾವು, ಎಂದರೆ ಓದಿದವರು. ಹಳ್ಳಿಯವರ ಅಜ್ಞಾನವೆಂದು ನಾವು ಕರೆಯುವುದರಲ್ಲಿ ನಮ್ಮ ಅಜ್ಞಾನದ ಪಾಲೆಷ್ಟು ಎಂಬುದನ್ನು ಇಪ್ಪತ್ತರ ವಯಸ್ಸಿನಲ್ಲಿಯೇ ತಿಳಿದುಕೊಂಡವನು ಮುಂದೆ ಬೇರೆ ಬಗೆಯ ವೈದ್ಯನಾಗುತ್ತಾನೆ.

ಈ ತಿಳಿವಿಗೆ ಬೇಸಗೆಯಷ್ಟು ತಕ್ಕ ಕಾಲ ಮತ್ತೊಂದಿಲ್ಲ. ಶಾಲೆಗೆ ರಜೆಯಾದುದರಿಂದ ಮಕ್ಕಳು ಊರಿನಲ್ಲಿಯೇ ಇರುತ್ತಾರೆ. ನೀರಿನ ಕಷ್ಟ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಪಾವಗಡ, ಬಾಗೇಪಲ್ಲಿಗಳಂತಹ ತಾಲ್ಲೂಕುಗಳಲ್ಲಿ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ಕಾಣಬಹುದು. ಆಳವಾದ ಕೊಳವೆಬಾವಿಯ ನೀರಿನಲ್ಲಿ ಕಲ್ಲಿನಿಂದ ಕರಗಿ ಬಂದ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ, ಬೆಳೆಯುತ್ತಿರುವ ಹಲ್ಲಿಗೆ ಅದು ಕೇಡು. ಬಹಳ ಹೆಚ್ಚಾಗಿ, ಬಹುಕಾಲ ಕುಡಿದರೆ ಮೂಳೆಗೂ ಕೇಡು. ಆಗಿಹೋದ ಹಾನಿಯನ್ನು ಅಳಿಸುವ ಮಾತ್ರೆ ಯಾವ ಅಂಗಡಿಯಲ್ಲಿಯೂ ದೊರೆಯದು. ಬೇರೆ ನೀರು ಒದಗಬೇಕು, ಅದೇ ಔಷಧ. ಆ ನೀರು ಎಷ್ಟು ದೂರದಿಂದ ಬರುತ್ತದೆ, ಯಾರು ಹೊರುತ್ತಾರೆ, ಕೊಡವೊಂದಕ್ಕೆ ಕಾಸೆಷ್ಟು ಎಂದು ಕೇಳಿ ತಿಳಿದ ವಿದ್ಯಾರ್ಥಿಗೆ ರೋಗದ ಕಾರಣವೆಂಬ ಮಾತಿನ ಅರ್ಥ ವಿಸ್ತಾರವಾಗುತ್ತದೆ.

ಕ್ಷಯದ ಚಿಕಿತ್ಸೆಯೂ ಹೀಗೆಯೇ. ಸಾಮಾನ್ಯವಾಗಿ 6 ತಿಂಗಳು ಔಷಧ ಸೇವಿಸಬೇಕು. ಆದರೆ ಕೆಲವು ವಾರಗಳಲ್ಲಿಯೇ ಕೆಮ್ಮು ಇಳಿದು ಮೈಗೆ ಹಗುರವಾಗುತ್ತದೆ. ಕೂಲಿಯವನು ಆಗ ಔಷಧವನ್ನು ಬಿಟ್ಟು ಕೆಲಸಕ್ಕೆ ಹೊರಟರೆ ಅವನನ್ನು ಮೂಢನೆನ್ನುವುದು ಸುಲಭ. ಆಸ್ಪತ್ರೆಗೆ ಹೋದ ದಿನ ಅವನ ಮನೆಯಲ್ಲಿ ಒಲೆ ಹೊತ್ತಿತೆ ಎಂದು ವಿಚಾರಿಸುವುದು ಅಷ್ಟು ಸುಲಭವಲ್ಲ. ಬಯಲುನಾಡಿನಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ಸರಕಾರದ ಅಳತೆ. ಆ ಕೇಂದ್ರದ ದಾರಿಯನ್ನು ಒಬ್ಬ ಆಶಾ ಕಾರ್ಯಕರ್ತೆಯೊಡನೆ ಮಟಮಟ ಮಧ್ಯಾಹ್ನದಲ್ಲಿ ನಡೆದು ನೋಡಿದರೆ ಅಂಕಿಗೆ ಜೀವ ಬರುತ್ತದೆ.

ಈ ಆಲೋಚನೆ ಹೊಸದಲ್ಲ. 1946ರಲ್ಲಿ ವರದಿಯೊಪ್ಪಿಸಿದ ಭೋರ್ ಸಮಿತಿ, ವೈದ್ಯವಿದ್ಯಾರ್ಥಿಗೆ ರೋಗನಿವಾರಣೆ ಮತ್ತು ಸಮಾಜವೈದ್ಯದಲ್ಲಿ 3 ತಿಂಗಳ ಶಿಕ್ಷಣ ಬೇಕೆಂದಿತು. 1969ರಲ್ಲಿ ಸೇವಾಗ್ರಾಮದಲ್ಲಿ ಸುಶೀಲಾ ನಾಯರ್ ಅವರು ಸ್ಥಾಪಿಸಿದ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮೊದಲನೆಯ ವರ್ಷದಲ್ಲಿಯೇ ಒಂದು ಹಳ್ಳಿಯಲ್ಲಿ ಶಿಬಿರ ಹೂಡುತ್ತಾರೆ. ಒಬ್ಬೊಬ್ಬರಿಗೂ ಕೆಲವು ಮನೆಗಳನ್ನು ಒಪ್ಪಿಸುತ್ತಾರೆ. ಶಿಬಿರ ಮುಗಿದ ಮೇಲೆಯೂ ಅವರು ಆ ಮನೆಗಳಿಗೆ ಮತ್ತೆ ಮತ್ತೆ ಹೋಗಿ ಬರುತ್ತಾರೆ. ಕುಟುಂಬಗಳನ್ನು ಹೀಗೆ ವಹಿಸಿಕೊಳ್ಳುವ ಪದ್ಧತಿಯನ್ನು ಈಚೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ದೇಶದ ವೈದ್ಯಶಿಕ್ಷಣದಲ್ಲಿ ಸೇರಿಸಿದೆ.

ಮತ್ತೆ ಹೋಗಿ ಬರುವುದು ಎಂಬ ಮಾತನ್ನು ನಾವು ಒತ್ತಿ ಹೇಳಬೇಕಾಗಿದೆ. ಒಂದು ತಿಂಗಳು ಇದ್ದು, ಪ್ರಶ್ನೆಪತ್ರಗಳನ್ನು ತುಂಬಿಸಿಕೊಂಡು, ಭಾವಚಿತ್ರ ತೆಗೆಸಿಕೊಂಡು ಹೊರಟುಹೋದರೆ ಲಾಭ ಒಂದು ಕಡೆಗೆ, ಶ್ರಮ ಒಂದು ಕಡೆಗೆ ಆಗುತ್ತದೆ. ರಕ್ತ ಕೊಟ್ಟ ಹೆಂಗಸಿಗೆ ತನ್ನ ರಕ್ತದಲ್ಲಿ ಏನು ಕಂಡಿತೆಂದು ತಿಳಿಯುವ ಹಕ್ಕುಂಟು. ರಕ್ತಹೀನತೆ ಕಂಡರೆ ಅವಳನ್ನು ಆರೋಗ್ಯ ಕೇಂದ್ರಕ್ಕೆ ಸೇರಿಸಿ, ಔಷಧ ದೊರೆಯಿತೆ ಎಂದು ವಿಚಾರಿಸುವ ಹೊಣೆ ಶಿಬಿರದ್ದು. ಅನುಮತಿಯಿಲ್ಲದೆ ಯಾರ ಮೈಯನ್ನೂ ಮುಟ್ಟಕೂಡದು. ಒಂದು ಮನೆಯ ಗುಟ್ಟನ್ನು ಇನ್ನೊಂದು ಜಗಲಿಗೆ ಒಯ್ಯಕೂಡದು. ತನಗೆ ಅಧಿಕಾರವಿಲ್ಲದ ಔಷಧವನ್ನು, ಎಷ್ಟೇ ಬೇಡಿದರೂ, ಕೊಡಕೂಡದು. ಬಡವರ ಮನೆ ಯಾರ ಅಭ್ಯಾಸದ ಹಲಗೆಯೂ ಅಲ್ಲ.

ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯೂ ಇದನ್ನೇ ಅನುಸರಿಸಿದೆ. ಶಿಬಿರದಲ್ಲಿ ಮಂಚವಿದೆಯೆ ಎಂದು ಅವಶ್ಯವಾಗಿ ಕೇಳಿರಿ. ಅದರೊಡನೆ ಮೇಲ್ವಿಚಾರಣೆಗೆ ಅನುಭವಿಗಳಾದ ವೈದ್ಯರಿರುವರೆ, ಪರೀಕ್ಷೆಯ ಫಲವನ್ನು ಊರವರಿಗೆ ತಿಳಿಸುವರೆ, ಮುಂದಿನ ವರ್ಷವೂ ಅದೇ ಊರಿಗೆ ಹೋಗುವರೆ ಎಂಬ ಮೂರು ಪ್ರಶ್ನೆಗಳನ್ನೂ ಕೇಳಿರಿ. ಉತ್ತರ ಸಮಾಧಾನಕರವಾಗಿದ್ದರೆ ಮಕ್ಕಳನ್ನು ಧೈರ್ಯವಾಗಿ ಕಳುಹಿಸಿಕೊಡಿರಿ. ಅವರು ಬಿಸಿಲಿಗೆ ಸ್ವಲ್ಪ ಕಪ್ಪಾಗಿ ಹಿಂದಿರುಗಬಹುದು. ಮುಂದೊಂದು ದಿನ ತಮ್ಮ ಮುಂದೆ ಕೆಮ್ಮುತ್ತ ಕುಳಿತ ರೈತನಿಗೆ ಸೀಸೆ ಕೊಟ್ಟು ಸಾಗಹಾಕದೆ, ಎಷ್ಟು ದಿನದಿಂದ ಕೆಮ್ಮು ಎಂದು ಕೇಳಿ, ಉತ್ತರಕ್ಕಾಗಿ ಕಾದಿರುವರು.