ಹೊಸ ಯಂತ್ರಕ್ಕೆ ಹಳೆಯ ಕೈಪಿಡಿ

(ಮಡಂತ್ಯಾರಿನಲ್ಲಿ ವಿದ್ಯಾರ್ಥಿಗಳೆದುರು ಮಾಡಿದ ಭಾಷಣದ ಬರಹರೂಪ)



ನಿಮ್ಮ ಪೇಟೆಯ ನಡುವೆ ಹಾದುಹೋಗುವ ರಸ್ತೆ ಹಳೆಯ ನಕಾಶೆಯಲ್ಲಿ ರಾಷ್ಟ್ರೀಯ ಹೆದ್ದಾರಿ 234. ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಬಂದ ಮೇಲೆ ಅದು 73. ಹಳೆಯ ನಕಾಶೆ ಹಿಡಿದು ಮಂಗಳೂರಿನಿಂದ ಹೊರಟವನೂ ಮಡಂತ್ಯಾರಿಗೆ ಬಂದು ತಲುಪಿಯಾನು, ಬಿ.ಸಿ. ರೋಡಿನಲ್ಲೋ ಪುಂಜಾಲಕಟ್ಟೆಯಲ್ಲೋ ಇಳಿದು ಕೇಳಿದರೆ ಜನ ದಾರಿ ಹೇಳುತ್ತಾರೆ. ಕಂಪ್ಯೂಟರಿನ ಒಳಗೆ ಹಾಗೆ ಕೇಳಲು ಯಾರೂ ಇಲ್ಲ.

ನಾವು ಬಳಸುವ ಸಾಮಾನ್ಯ ತಂತ್ರಾಂಶಗಳೆಲ್ಲ ಆಪರೇಟಿಂಗ್ ಸಿಸ್ಟಂ ಎಂಬ ನೆಲದ ಮೇಲೆ ನಿಂತಿವೆ. ಆ ನೆಲ ನಿಂತಿರುವುದು ನೇರವಾಗಿ ಪ್ರೊಸೆಸರ್ ಚಿಪ್ಪಿನ ಮೇಲೆ. ಆದ್ದರಿಂದ ಅದನ್ನು ಬರೆಯುವವನಿಗೆ ಚಿಪ್ ತಯಾರಿಸಿದವರ ಕೈಪಿಡಿಯೇ ಆಧಾರ. ಯಾವ ಬಿಟ್ ಏನು ಮಾಡುತ್ತದೆ, ಯಾವುದನ್ನು ಮುಟ್ಟಬಾರದು ಎಂಬುದೆಲ್ಲ ಅದರಲ್ಲಿರುತ್ತದೆ.

ಮುಟ್ಟಬಾರದ್ದನ್ನು ಮುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಐಬಿಎಂ ಪಿಸಿಯ ಕಥೆ ಕೇಳಿ. ಕೀಲಿಮಣೆ, ಗಡಿಯಾರ ಮುಂತಾದವು ಪ್ರೊಸೆಸರನ್ನು ಕೆಲಸದ ನಡುವೆ ಕರೆಯುವುದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಪ್ರತಿ ಕರೆಗೂ ಒಂದು ಸಂಖ್ಯೆ. 0ರಿಂದ 31ರವರೆಗಿನವು ತನಗೆ ಮೀಸಲು ಎಂದು ಇಂಟೆಲ್ ಹೇಳಿತ್ತು. ಆಗಿನ ಚಿಪ್ ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು ಮಾತ್ರ ಬಳಸುತ್ತಿತ್ತು. ಉಳಿದವು ಖಾಲಿಯೇ ಅಲ್ಲವೇ ಎಂದು 1981ರಲ್ಲಿ ಐಬಿಎಂ ಪರದೆಯಲ್ಲಿದ್ದುದನ್ನು ಮುದ್ರಿಸಲು 5ನ್ನೂ ಗಡಿಯಾರಕ್ಕೆ 8ನ್ನೂ ಕೊಟ್ಟುಬಿಟ್ಟಿತು. ಮರುವರ್ಷವೇ 80286 ಬಂತು. ಅದರಲ್ಲಿ 8ನೆಯ ಸಂಖ್ಯೆಯ ಅರ್ಥ, ಒಂದು ದೋಷವನ್ನು ನಿಭಾಯಿಸುವಾಗಲೇ ಇನ್ನೊಂದು ದೋಷ ಎದುರಾಯಿತು ಎಂದು! ಗಡಿಯಾರ ಟಿಕ್ ಎಂದಿತೋ, ಯಂತ್ರವೇ ಕೆಟ್ಟಿತೋ? ಸಂಖ್ಯೆ ನೋಡಿ ಹೇಳುವಂತಿರಲಿಲ್ಲ.

ರಸ್ತೆಬದಿಯ ಮೀಸಲು ಜಾಗದಲ್ಲಿ ಅಂಗಡಿ ಕಟ್ಟಿದವರಿಗೆ ಅಗಲೀಕರಣ ಬಂದಾಗ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಅಂಗಡಿ ಒಡೆಯಲಿಲ್ಲ, ಸುತ್ತುದಾರಿ ಮಾಡಿದರು. ಹಳೆಯ ಇಂಟರಪ್ಟ್ ನಿಯಂತ್ರಕವನ್ನು ನೆಚ್ಚಿ ಸ್ವಂತ ಆಪರೇಟಿಂಗ್ ಸಿಸ್ಟಂ ಬರೆಯುವವರು ಇಂದಿಗೂ ಮೊದಲು ಆ ಸಂಖ್ಯೆಗಳನ್ನು 32ರಿಂದ ಮೇಲಕ್ಕೆ ಸಾಗಿಸಬೇಕು.

ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ಜನಸಾಮಾನ್ಯರಿಗಾಗಿ ರೂಪಿಸಿದ ಅಂಗೈ ಕಂಪ್ಯೂಟರ್ ಅದು. 2004ರಲ್ಲಿ ಬಿಇಎಲ್ ಅದನ್ನು ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಒಳಗಿದ್ದುದು ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಇಂಥ ಯಂತ್ರಕ್ಕೆ ಆರ್ಮ್ ಆದೇಶಗಳ ಪುಸ್ತಕವೊಂದೇ ಸಾಲದು. ಪರದೆಯ ನಿಯಂತ್ರಕವೂ ಅದೇ ಚಿಪ್ಪಿನೊಳಗೆ ಕೂತಿರುವಾಗ, ಆ ಚಿಪ್ಪಿನದೇ ಕೈಪಿಡಿ ಬೇಕು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಕಾಲ ಕಲಿಸಿದ್ದು 1978ರ 8086. ತಳಪಾಯಕ್ಕೆ ಅದು ಒಳ್ಳೆಯದೇ. 1986ರ 80386 ಕೈಪಿಡಿಯನ್ನಂತೂ ನಾನು ಇಂದಿಗೂ ಓದಿ ಎನ್ನುತ್ತೇನೆ, ಸಣ್ಣದು, ಅರ್ಥವಾಗುವಂಥದು. ಆದರೆ 2003ರಲ್ಲಿ ಎಎಂಡಿ ಮಾರುಕಟ್ಟೆಗೆ ತಂದ 64 ಬಿಟ್ ವಿಧಾನ ಅದರಲ್ಲಿಲ್ಲ. ಹಲವು ಪ್ರೊಸೆಸರುಗಳು ಒಂದೇ ಯಂತ್ರದಲ್ಲಿ ಕೆಲಸ ಹಂಚಿಕೊಳ್ಳುವಾಗ ಬೇಕಾಗುವ ಇಂಟರಪ್ಟ್ ವ್ಯವಸ್ಥೆಯೂ ಇಲ್ಲ. ಇಂಟೆಲ್‌ನ ಈಗಿನ ಕೈಪಿಡಿ ಸಾವಿರಾರು ಪುಟಗಳದು, ವರ್ಷಕ್ಕೆ ಹಲವು ಬಾರಿ ಪರಿಷ್ಕರಣೆಯಾಗುತ್ತದೆ, ಉಚಿತವಾಗಿಯೇ ಸಿಗುತ್ತದೆ. ನೆರಳಚ್ಚಿನ ಹಳೆಯ ಪ್ರತಿಗೆ ಜೋತುಬೀಳಲು ಬಡತನದ ನೆಪವೂ ಉಳಿದಿಲ್ಲ.

ಕೈಪಿಡಿಯ ಜೊತೆಗೆ ತಪ್ಪೋಲೆಯನ್ನೂ ಓದಬೇಕು. 1997ರಲ್ಲಿ ಪೆಂಟಿಯಂ ಚಿಪ್ಪನ್ನು ಒಂದೇ ಒಂದು ಅಸಿಂಧು ಆದೇಶದಿಂದ ಸ್ತಬ್ಧಗೊಳಿಸಬಹುದೆಂದು ಬಯಲಾಯಿತು. ಪರಿಹಾರವನ್ನು ಆಪರೇಟಿಂಗ್ ಸಿಸ್ಟಮಿನಲ್ಲೇ ಅಳವಡಿಸಬೇಕಾಯಿತು. 2018ರ ಜನವರಿಯಲ್ಲಿ ಬೆಳಕಿಗೆ ಬಂದ ಮೆಲ್ಟ್‌ಡೌನ್ ಇನ್ನೂ ವಿಚಿತ್ರ. ಸಾಮಾನ್ಯ ತಂತ್ರಾಂಶ ಕರ್ನೆಲ್‌ನ ಸ್ಮೃತಿಯನ್ನು ಓದಲಾರದು ಎಂಬ ಕೈಪಿಡಿಯ ನಿಯಮ ಅಕ್ಷರಶಃ ನಿಜವೇ ಆಗಿತ್ತು. ಆದರೆ ಪ್ರೊಸೆಸರ್ ಅವಸರದಲ್ಲಿ ಮುಂಚಿತವಾಗಿ ಮಾಡಿಟ್ಟ ಕೆಲಸದ ಗುರುತು ಕ್ಯಾಶೆಯಲ್ಲಿ ಉಳಿಯುತ್ತಿತ್ತು. ಅದರಿಂದ ಗುಟ್ಟು ಸೋರಿತು. ಅತ್ಯಂತ ಹೊಸ ಪ್ರತಿಯನ್ನು ಓದಿದವರೂ ಕರ್ನೆಲ್‌ನ ಪುಟಪಟ್ಟಿಗಳನ್ನು ಬೇರ್ಪಡಿಸುವ ಕೆಲಸಕ್ಕೆ ಇಳಿಯಬೇಕಾಯಿತು.

ಹಾಗಾದರೆ 8086 ಸತ್ತಿತೇ ಎಂದು ನೀವು ಕೇಳಬಹುದು. ಇಲ್ಲ. ಇಂಟೆಲ್ ಮಾದರಿಯ ಪ್ರೊಸೆಸರ್ ಸ್ವಿಚ್ ಒತ್ತಿದೊಡನೆ ಎಚ್ಚರಗೊಳ್ಳುವುದು ಆ ಹಳೆಯ 16 ಬಿಟ್ ವೇಷದಲ್ಲೇ. ಅದನ್ನು ಕಳಚಿಹಾಕುವ ಪ್ರಸ್ತಾವವನ್ನು ಇಂಟೆಲ್ 2023ರಲ್ಲಿ ಮುಂದಿಟ್ಟಿತು, 2024ರ ಡಿಸೆಂಬರಿನಲ್ಲಿ ಕೈಬಿಟ್ಟಿತು.