ಕೆಲಸಕ್ಕೆ ಹೋಗಿಬರಲು ಬ್ಯಾಟರಿ ಗಾಡಿ: ಕೊಳ್ಳುವ ಮುನ್ನ ಲೆಕ್ಕ ಹಾಕಿ

(ಸಾರಥಿಯಲ್ಲಿ ಹಾಲು ಉತ್ಪಾದಕ ಸದಸ್ಯರ ಮುಂದೆ ಮಾಡಿದ ಭಾಷಣದ ಬರಹರೂಪ)



ಹಾಲಿನ ಸಂಘದ ಸಭೆಯಲ್ಲಿ ಗಾಡಿಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕಾರಣವಿದೆ. ಈಗ ಸಾರಥಿಯಂಥ ಊರುಗಳಲ್ಲಿ ತಂದೆ ತಾಯಿ ಮನೆಯ ಹಸು ಎಮ್ಮೆ ನೋಡಿಕೊಂಡರೆ, ಮಗನೋ ಮಗಳೋ ಹರಿಹರಕ್ಕೆ, ನದಿಯಾಚೆಯ ಕುಮಾರಪಟ್ಟಣದ ಕಾರ್ಖಾನೆಗೆ, ದಾವಣಗೆರೆಯ ಅಂಗಡಿ, ಆಸ್ಪತ್ರೆ, ಕಚೇರಿಗಳಿಗೆ ದುಡಿಯಲು ಹೋಗುತ್ತಾರೆ. ಅವರ ಗಾಡಿಗೆ ಕಟ್ಟುವ ಮುಂಗಡ ಮತ್ತು ಕಂತು ಎಷ್ಟೋ ಮನೆಗಳಲ್ಲಿ ಹಾಲಿನ ಬಟವಾಡೆಯಿಂದಲೇ ಬರುತ್ತದೆ. ಸರಿಯಾದ ಗಾಡಿ ಕೊಂಡರೆ ಹಾಲಿನ ಹಣ ಮನೆಯಲ್ಲಿ ಉಳಿಯುತ್ತದೆ. ತಪ್ಪು ಗಾಡಿ ಕೊಂಡರೆ ಮೂರು ವರ್ಷ ಕರೆದ ಹಾಲು ಕಂತಿಗೆ ಹೋಗುತ್ತದೆ. ಆದ್ದರಿಂದ ಇದು ನಮ್ಮದೇ ವಿಷಯ.

ಹಾಲಿನ ಕ್ಯಾನನ್ನು ಸೈಕಲ್ಲಿಗೆ ಕಟ್ಟಿ ತುಳಿದವರು ಇಲ್ಲಿ ಹಿರಿಯರಿದ್ದೀರಿ. 1972ರಲ್ಲಿ ಲೂನಾ ಬಂತು, 1980ರಲ್ಲಿ ಟಿವಿಎಸ್ 50 ಬಂತು. ಬ್ಯಾಟರಿ ಗಾಡಿ ಈಚಿನದು. ವಿದ್ಯುತ್ ವಾಹನಗಳಿಗೆಂದೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ಹೊರಡಿಸಿದ್ದು ನಮ್ಮ ರಾಜ್ಯ, 2017ರಲ್ಲಿ. ಬೆಂಗಳೂರಿನ ಏಥರ್ ಕಂಪನಿಯ ಸ್ಕೂಟರ್ 2018ರಲ್ಲಿ ರಸ್ತೆಗಿಳಿಯಿತು. 2020ರ ಜನವರಿಯಲ್ಲಿ ಬಜಾಜ್ ಚೇತಕ್ ಮತ್ತು ಟಿವಿಎಸ್ ಐಕ್ಯೂಬ್ ಬಂದವು. 2024ರ ಫೆಬ್ರವರಿಯಲ್ಲಿ ಅದೇ ಲೂನಾ ಬ್ಯಾಟರಿಯ ಮೇಲೆ ಓಡುವ ಇ-ಲೂನಾ ಆಗಿ, 70 ಸಾವಿರದ ಆಸುಪಾಸಿನ ಬೆಲೆಗೆ ಮತ್ತೆ ಬಂತು. ಇಂದು ಆಯ್ಕೆಗೆ ಕೊರತೆಯಿಲ್ಲ. ಯಾವುದು ನಮಗೆ ಹೊಂದುತ್ತದೆ ಎಂಬುದೇ ಪ್ರಶ್ನೆ.

ಮೊದಲು ಉಳಿತಾಯದ ಲೆಕ್ಕ. ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರ್. ಮನೆಯಿಂದ ಕೆಲಸದ ಜಾಗಕ್ಕೆ 15 ಕಿಲೋಮೀಟರ್ ಎಂದು ಹಿಡಿಯೋಣ. ದಿನಕ್ಕೆ 30, ತಿಂಗಳಿಗೆ 25 ದಿನವೆಂದರೆ 750 ಕಿಲೋಮೀಟರ್. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕಿಗೆ 15 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿ ಎಂದರೂ 1,500 ರೂಪಾಯಿ. ಬ್ಯಾಟರಿ ಗಾಡಿಗೆ ಇದೇ ಓಡಾಟಕ್ಕೆ ಚಾರ್ಜಿನ ನಷ್ಟವೂ ಸೇರಿ ಸುಮಾರು 30 ಯೂನಿಟ್ ವಿದ್ಯುತ್ ಸಾಕು. ಯೂನಿಟ್ಟಿಗೆ 7 ರೂಪಾಯಿಯಂತೆ 210 ರೂಪಾಯಿ. ತಿಂಗಳಿಗೆ 1,290 ರೂಪಾಯಿ, ವರ್ಷಕ್ಕೆ 15 ಸಾವಿರದ ಮೇಲೆ ಉಳಿಯಿತು. ಎಂಜಿನ್ ಆಯಿಲ್ ಬದಲಿಸುವ ಖರ್ಚೂ ಇಲ್ಲ.

ಇಲ್ಲಿಗೆ ಲೆಕ್ಕ ಮುಗಿಯಲಿಲ್ಲ. ಹೊಸದಾಗಿ ಗಾಡಿ ಕೊಳ್ಳಲೇಬೇಕು, ಪೆಟ್ರೋಲ್ ಬೈಕಿಗೆ 80 ಸಾವಿರ, ಬ್ಯಾಟರಿ ಗಾಡಿಗೆ ಒಂದು ಲಕ್ಷ ಐದು ಸಾವಿರ ಎಂದಾದರೆ, ಹೆಚ್ಚಿಗೆ ಕೊಟ್ಟ 25 ಸಾವಿರ ಸುಮಾರು 20 ತಿಂಗಳಲ್ಲಿ ಹಿಂದಿರುಗುತ್ತದೆ. ಆದರೆ ಮನೆಯಲ್ಲಿ ಚೆನ್ನಾಗಿ ಓಡುವ ಬೈಕ್ ಇರುವಾಗ ಅದನ್ನು ಮೂಲೆಗೆ ನಿಲ್ಲಿಸಿ ಹೊಸದು ತಂದರೆ, ಆ ಲಕ್ಷದ ಐದು ಸಾವಿರ ಹುಟ್ಟಲು ಆರೂವರೆ ವರ್ಷಕ್ಕೂ ಹೆಚ್ಚು ಬೇಕು. ದಿನಕ್ಕೆ ಹತ್ತೇ ಕಿಲೋಮೀಟರ್ ಓಡಾಡುವವರಿಗೆ ಉಳಿಯುವುದು ತಿಂಗಳಿಗೆ 430 ರೂಪಾಯಿ ಮಾತ್ರ. ಗಾಡಿ ಹೆಚ್ಚು ಓಡಿದಷ್ಟೂ ಲಾಭ, ನಿಂತಷ್ಟೂ ನಷ್ಟ. ಹಾಲು ಕೊಡದ ಹಸುವಿಗೆ ಹಿಂಡಿ ಹಾಕಿದಂತೆ ಆಗಬಾರದು. ಇನ್ನೊಂದು ಮಾತು: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ. ಬಸ್ಸಿನ ಹೊತ್ತಿಗೂ ಕೆಲಸದ ಹೊತ್ತಿಗೂ ಹೊಂದಿಕೆಯಾದರೆ ಮಗಳಿಗೆ ಸಾಲ ಮಾಡಿ ಗಾಡಿ ತರುವ ಅವಸರ ಬೇಡ.

ಎರಡನೆಯದು, ಎಂಥ ಗಾಡಿ ಎಂಬುದು. ಮೋಟಾರಿನ ಶಕ್ತಿ 250 ವಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇರುವ ಗಾಡಿಗೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ತುಳಿಯಲೂ ಬರುವ ಬ್ಯಾಟರಿ ಸೈಕಲ್ ಕೂಡ ಇದೇ ಗುಂಪಿನದು, ಸುಮಾರು 30 ಸಾವಿರದಿಂದ ಸಿಗುತ್ತದೆ. ಊರೊಳಗೆ, ಡೇರಿಗೆ, ನಾಲ್ಕೈದು ಕಿಲೋಮೀಟರಿನ ಕೆಲಸಕ್ಕೆ ಇದು ಸಾಕು. ಆದರೆ 25ರ ವೇಗದಲ್ಲಿ ದಾವಣಗೆರೆಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೋಗುವುದು ಪ್ರಾಣಕ್ಕೆ ಎರವು. ಅಲ್ಲಿಗೆ ನೋಂದಣಿಯಾದ, ಹಸಿರು ಫಲಕದ ಗಾಡಿಯೇ ಬೇಕು.

ಕೆಲವು ಅಂಗಡಿಗಳಲ್ಲಿ "ಒಂದು ವೈರ್ ಬಿಚ್ಚಿದರೆ 45 ಹೋಗುತ್ತದೆ, ಲೈಸೆನ್ಸೂ ಬೇಡ" ಎಂದು ಹೇಳುವುದುಂಟು. ಈ ಮಾತಿಗೆ ಕಿವಿಗೊಡಬೇಡಿ. ಮಿತಿ ದಾಟಿದ ಕ್ಷಣದಿಂದ ಅದು ಕಾನೂನಿನ ಕಣ್ಣಿನಲ್ಲಿ ಮೋಟಾರು ವಾಹನ. ನೋಂದಣಿಯಿಲ್ಲ, ವಿಮೆಯಿಲ್ಲ. ಯಾರಿಗಾದರೂ ತಾಗಿಸಿ ಪರಿಹಾರ ಕೊಡಬೇಕಾಗಿ ಬಂದರೆ ಹೊಲವನ್ನೇ ಮಾರಬೇಕಾದೀತು.

ಮೂರನೆಯದು ಬ್ಯಾಟರಿ. ಗಾಡಿಯ ಬೆಲೆಯಲ್ಲಿ ಸುಮಾರು ಮೂರನೇ ಒಂದು ಭಾಗ ಅದರದೇ. ನಾವು ಡೇರಿಯಲ್ಲಿ ಹಾಲನ್ನು ಲೀಟರಿನಿಂದಷ್ಟೇ ಅಳೆಯುವುದಿಲ್ಲ. ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಎಂದು ನೋಡಿ ಬೆಲೆ ಕಟ್ಟುತ್ತೇವೆ. ಬ್ಯಾಟರಿ ಗಾಡಿಯನ್ನೂ ಬಣ್ಣ, ದೀಪ, ಪರದೆ ನೋಡಿ ಕೊಳ್ಳಬಾರದು. ಬ್ಯಾಟರಿಯಲ್ಲಿ ಎಷ್ಟು ಯೂನಿಟ್ ಹಿಡಿಯುತ್ತದೆ ಎಂದು ಕೇಳಬೇಕು. ಹೇಳದಿದ್ದರೆ ನೀವೇ ಲೆಕ್ಕ ಹಾಕಿ. ಬ್ಯಾಟರಿಯ ಮೇಲಿನ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್ ಬರುತ್ತದೆ. 60 ವೋಲ್ಟ್, 30 ಆಂಪಿಯರ್-ಅವರ್ ಎಂದರೆ 1.8 ಯೂನಿಟ್. ಒಂದು ಯೂನಿಟ್ಟಿಗೆ 30 ಕಿಲೋಮೀಟರ್ ಎಂದು ಬಿಗಿಯಾಗಿ ಹಿಡಿದರೆ 54 ಕಿಲೋಮೀಟರ್. ಇದೇ ಬ್ಯಾಟರಿಗೆ ಅಂಗಡಿಯವರು 120 ಎಂದರೆ ನಂಬಬೇಕೇ ಬೇಡವೇ, ನೀವೇ ಹೇಳಿ.

ಜಾಹೀರಾತಿನ ದೂರ ಪರೀಕ್ಷಾ ಕೇಂದ್ರದಲ್ಲಿ ಅಳೆದದ್ದು. ನಮ್ಮ ರಸ್ತೆಯ ಗುಂಡಿ, ಎದುರುಗಾಳಿ, ಹಿಂದೆ ಕೂತವರ ಭಾರ ಅಲ್ಲಿರುವುದಿಲ್ಲ. ಹೇಳಿದ ದೂರದ ಶೇ. 70 ಮಾತ್ರ ಸಿಗುತ್ತದೆಂದು ತಿಳಿಯುವುದು ಕ್ಷೇಮ. ಬ್ಯಾಟರಿ ಹಳೆಯದಾದಂತೆ ಅದೂ ತಗ್ಗುತ್ತದೆ. ಆದ್ದರಿಂದ ದಿನಕ್ಕೆ 30 ಕಿಲೋಮೀಟರ್ ಹೋಗಿಬರುವವರು, ಆಪತ್ತಿಗೆಂದು ಹತ್ತು ಸೇರಿಸಿ 40 ಎಂದಿಟ್ಟುಕೊಳ್ಳಿ. ಕೆಲವು ವರ್ಷಗಳ ಮೇಲೂ 40 ಸಿಗಬೇಕಾದರೆ ಹೊಸದರಲ್ಲಿ ನಿಜವಾಗಿ 50 ಓಡಬೇಕು. ಅಂದರೆ ಜಾಹೀರಾತಿನಲ್ಲಿ 70ರಿಂದ 75 ಇರಬೇಕು, ಬ್ಯಾಟರಿ ಸುಮಾರು 2 ಯೂನಿಟ್ಟಿನದಾಗಿರಬೇಕು. ಇದಕ್ಕಿಂತ ಚಿಕ್ಕದಾದರೆ ಅರ್ಧ ದಾರಿಯಲ್ಲಿ ತಳ್ಳಬೇಕಾಗುತ್ತದೆ. 4 ಯೂನಿಟ್ಟಿನದು ತಂದರೆ ಉಪಯೋಗಿಸದ ಬ್ಯಾಟರಿಗೆ ದುಡ್ಡು ಕೊಟ್ಟಂತೆ.

ಗಾಡಿಯಲ್ಲಿ ಹಾಲಿನ ಕ್ಯಾನನ್ನೂ ಒಯ್ಯುವವರು ಭಾರ ನೋಡಬೇಕು. 40 ಲೀಟರ್ ಹಾಲೇ 41 ಕಿಲೋ ತೂಗುತ್ತದೆ, ಕ್ಯಾನಿನ ತೂಕ ಬೇರೆ. ಸಪಾಟಾದ ಜಾಗವಿರುವ, ಹೊರುವ ಶಕ್ತಿಯನ್ನು ಪತ್ರದಲ್ಲಿ ನಮೂದಿಸಿರುವ ಗಾಡಿಯನ್ನೇ ಆರಿಸಿ.

ಬ್ಯಾಟರಿಯಲ್ಲಿ ಸೀಸದ್ದು, ಲಿಥಿಯಂನದು ಎಂದು ಎರಡು ಬಗೆ. ಸೀಸದ್ದು ಅಗ್ಗ, ಆದರೆ ಭಾರ ಹೆಚ್ಚು. ದಿನವೂ ಓಡಿಸಿದರೆ ಒಂದೆರಡು ವರ್ಷದಲ್ಲಿ ಬದಲಿಸಬೇಕಾಗುತ್ತದೆ. ದಿನನಿತ್ಯದ ಕೆಲಸಕ್ಕೆ ಲಿಥಿಯಂನದೇ ಲೇಸು. ಅದರಲ್ಲೂ ಎಲ್‌ಎಫ್‌ಪಿ ಎಂಬ ಬಗೆ ತುಸು ಭಾರವಾದರೂ ಬಿಸಿಲಿಗೆ ತಡೆಯುತ್ತದೆ, ಹೆಚ್ಚು ಬಾರಿ ಚಾರ್ಜ್ ಆಗುತ್ತದೆ. ನಮ್ಮ ದಾವಣಗೆರೆ ಕಡೆಯ ಬೇಸಿಗೆ ನೋಡಿದವರಿಗೆ ಇದರ ಮಹತ್ವ ಹೇಳಬೇಕಾಗಿಲ್ಲ. ಗ್ಯಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಬ್ಯಾಟರಿಯ ಶಕ್ತಿ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬೆಂಕಿಯ ಎಚ್ಚರ. 2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜಿಗಿಟ್ಟ ಗಾಡಿ ಹೊತ್ತಿಕೊಂಡು, ಹೊಗೆಯಿಂದ ತಂದೆ ಮತ್ತು ಮಗಳು ತೀರಿಕೊಂಡರು. ಆ ವರ್ಷದ ಅವಘಡಗಳ ನಂತರ ಬ್ಯಾಟರಿಯ ಸುರಕ್ಷತಾ ನಿಯಮ ಬಿಗಿಯಾಯಿತು. ಎಐಎಸ್ 156 ಎಂಬ ಆ ನಿಯಮದ ತಿದ್ದುಪಡಿ 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆ ಹೀಗೆ ಎರಡು ಹಂತದಲ್ಲಿ ಜಾರಿಗೆ ಬಂತು. ಹಳೆಯ ಗಾಡಿ ಕೊಳ್ಳುವವರು 2023ರ ಏಪ್ರಿಲ್ ನಂತರ ತಯಾರಾದದ್ದನ್ನೇ ನೋಡಿ.

ನಮ್ಮ ಮನೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ಕೊಟ್ಟಿಗೆಯಲ್ಲಿ ಮೇಲೆ ಹುಲ್ಲು, ಪಕ್ಕದಲ್ಲಿ ಕಟ್ಟಿದ ದನ, ಹಿತ್ತಲಲ್ಲಿ ಬಣವೆ. ಅಲ್ಲಿ ಗಾಡಿಯನ್ನು ಚಾರ್ಜಿಗೆ ಹಾಕಲೇಬೇಡಿ. ಕಟ್ಟಿದ ದನಕ್ಕೆ ಓಡಿಹೋಗಲು ದಾರಿಯಿಲ್ಲ. ಮಲಗುವ ಕೋಣೆಯಲ್ಲಿ, ಹೊರಬರುವ ಬಾಗಿಲಿಗೆ ಅಡ್ಡವಾಗಿಯೂ ಬೇಡ. ಗಾಳಿಯಾಡುವ, ಮಳೆ ಬೀಳದ ಜಗುಲಿ ಒಳ್ಳೆಯದು. ಬಿಸಿಲಲ್ಲಿ ಬಂದ ಕೂಡಲೇ ಚುಚ್ಚದೆ ಅರ್ಧ ಗಂಟೆ ಆರಲು ಬಿಡಿ. ಗಾಡಿಯ ಜೊತೆ ಬಂದ ಚಾರ್ಜರನ್ನೇ ಬಳಸಿ. ಅರ್ಥಿಂಗ್ ಇರುವ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿ. ಬ್ಯಾಟರಿ ಉಬ್ಬಿದರೆ, ವಾಸನೆ ಬಂದರೆ, ಬಿದ್ದು ಪೆಟ್ಟಾಗಿದ್ದರೆ ಚಾರ್ಜ್ ಮಾಡದೆ ಹೊರಗಿಟ್ಟು ಸರ್ವಿಸ್‌ನವರಿಗೆ ತಿಳಿಸಿ.

ಪಂಪ್‌ಸೆಟ್ಟಿನ ಕರೆಂಟು ಪುಕ್ಕಟೆ ಎಂದು ಹೊಲದಲ್ಲಿ ಚಾರ್ಜ್ ಮಾಡುವುದೂ ಬೇಡ. ನೀರಾವರಿಗೆ ಕೊಟ್ಟ ವಿದ್ಯುತ್ತನ್ನು ಬೇರೆಯದಕ್ಕೆ ಬಳಸುವುದು ಅಕ್ರಮ, ವೋಲ್ಟೇಜಿನ ಏರಿಳಿತಕ್ಕೆ ಚಾರ್ಜರೂ ಸುಡುತ್ತದೆ. ಗೃಹಜ್ಯೋತಿ ಇರುವವರು ಇದನ್ನು ಗಮನಿಸಿ: ಹಿಂದಿನ ಸರಾಸರಿ ಬಳಕೆಯ ಮೇಲೆ ನಿಮ್ಮ ಮನೆಗೆ ಉಚಿತ ಯೂನಿಟ್ ನಿಗದಿಯಾಗಿದೆ. ಸರಾಸರಿ 60 ಇದ್ದವರಿಗೆ 66. ಗಾಡಿಯಿಂದ 30 ಹೆಚ್ಚಿ 90 ಆದರೆ 24 ಯೂನಿಟ್ಟಿಗೆ ಹಣ ಕಟ್ಟಬೇಕು. ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ.

ಮಳೆಗಾಲದ ಮಾತು. ಐಪಿ 67 ಎಂದು ಬರೆದ ಬ್ಯಾಟರಿ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದಂಥದು. ಆದರೆ ಇದು ಬ್ಯಾಟರಿಗೆ ಹೇಳಿದ ಮಾತು, ಇಡೀ ಗಾಡಿಗಲ್ಲ. ತುಂಗಭದ್ರೆ ತುಂಬಿ ಸಾರಥಿ–ಚಿಕ್ಕಬಿದರಿ ರಸ್ತೆಗೆ ನೀರು ಬಂದಾಗ ಯಾವ ಗಾಡಿಯನ್ನೂ ಇಳಿಸಬಾರದು, ಬ್ಯಾಟರಿ ಗಾಡಿಯನ್ನಂತೂ ಕೂಡದು.

ಕೊನೆಗೆ ಸಾಲ. 2024ರ ಅಕ್ಟೋಬರ್‌ನಿಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಕೇಂದ್ರದ ನೆರವು ಮೊದಲು ಗಾಡಿಯೊಂದಕ್ಕೆ ಹೆಚ್ಚೆಂದರೆ 10 ಸಾವಿರ, ಆಮೇಲೆ 5 ಸಾವಿರವಾಯಿತು. ದ್ವಿಚಕ್ರ ವಾಹನಗಳಿಗೆ ಅದರ ಗಡುವು 2026ರ ಮಾರ್ಚ್ 31 ಎಂದಿತ್ತು. ಆದ್ದರಿಂದ ಸಬ್ಸಿಡಿ ನಂಬಿ ಮುಂಗಡ ಕೊಡಬೇಡಿ. ನೋಂದಣಿ, ವಿಮೆ, ಚಾರ್ಜರ್ ಎಲ್ಲ ಸೇರಿ ರಸ್ತೆಗಿಳಿಯುವ ಬೆಲೆ ಎಷ್ಟೆಂದು ಬರೆಸಿಕೊಳ್ಳಿ.

"ಪೆಟ್ರೋಲಿನ ಉಳಿತಾಯದಲ್ಲೇ ಕಂತು ತೀರುತ್ತದೆ" ಎನ್ನುತ್ತಾರೆ. ನೋಡೋಣ. 80 ಸಾವಿರ ಸಾಲ, ಮೂರು ವರ್ಷ, ಶೇ. 12 ಫ್ಲಾಟ್ ಬಡ್ಡಿ ಎಂದರೆ ಬಡ್ಡಿ 28,800 ರೂಪಾಯಿ, ತಿಂಗಳ ಕಂತು 3,022. ಉಳಿತಾಯ 1,290 ಮಾತ್ರ. ಮಿಕ್ಕ 1,732 ರೂಪಾಯಿ ಪ್ರತಿ ತಿಂಗಳು ನಿಮ್ಮ ಬಟವಾಡೆಯಿಂದ ಹೋಗುತ್ತದೆ. ಅದು ಎಷ್ಟು ಲೀಟರ್ ಹಾಲು ಎಂದು ನಿಮ್ಮ ದರದಿಂದ ಭಾಗಿಸಿ ನೋಡಿ. ಫ್ಲಾಟ್ ಎಂದರೆ ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ. ಶೇ. 12 ಫ್ಲಾಟ್ ಎಂಬುದು ಬಾಕಿಯ ಮೇಲಿನ ಲೆಕ್ಕದಲ್ಲಿ ಶೇ. 21ರ ಹತ್ತಿರ ಬರುತ್ತದೆ. ಅದೇ ಶೇ. 12ನ್ನು ಬಾಕಿಯ ಮೇಲೆ ಮಾತ್ರ ಹಾಕುವ ಕಡೆ ಸಾಲ ಪಡೆದರೆ ಬಡ್ಡಿ 15,700 ರೂಪಾಯಿಯ ಆಸುಪಾಸು. 13 ಸಾವಿರ ನಿಮ್ಮಲ್ಲೇ ಉಳಿಯಿತು. ಅಂಗಡಿಯಲ್ಲಿ ಕೂತ ಫೈನಾನ್ಸ್‌ನವರಿಗೆ ಸಹಿ ಹಾಕುವ ಮೊದಲು ಬ್ಯಾಂಕಿನಲ್ಲಿ, ಸಹಕಾರ ಸಂಘದಲ್ಲಿ ವಿಚಾರಿಸಿ.

ಹಸು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಕೆಚ್ಚಲು ಮುಟ್ಟುತ್ತೇವೆ, ಎರಡು ಹೊತ್ತು ನಿಂತು ಹಾಲು ಕರೆಸುತ್ತೇವೆ. ಗಾಡಿಗೂ ಹಾಗೆಯೇ ಮಾಡಿ. ನೀವು ದಿನವೂ ಹೋಗುವ ದಾರಿಯಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಓಡಿಸಿ ನೋಡಿ. ಅದೇ ಗಾಡಿಯನ್ನು ಎರಡು ವರ್ಷ ಓಡಿಸಿದವರನ್ನು ಹುಡುಕಿ ಕೇಳಿ. ಹರಿಹರದಲ್ಲಾಗಲಿ ದಾವಣಗೆರೆಯಲ್ಲಾಗಲಿ ಅದರ ಸರ್ವಿಸ್ ಇದೆಯೇ, ಬಿಡಿಭಾಗ ಎಷ್ಟು ದಿನಕ್ಕೆ ಸಿಗುತ್ತದೆ ಎಂದು ಹೋಗಿ ತಿಳಿಯಿರಿ. ಈ ಗಾಡಿಗಳನ್ನು ಊರಿನ ಮೆಕ್ಯಾನಿಕ್ ಬಿಚ್ಚಿ ಸರಿಮಾಡುವುದು ಕಷ್ಟ. ಸರ್ವಿಸ್ ದೂರವಿದ್ದರೆ ಅಗ್ಗದ ಗಾಡಿಯೂ ದುಬಾರಿಯೇ. ಕೆಲಸಕ್ಕೆ ಹೋಗುವವರಿಗೆ ಗಾಡಿ ಹತ್ತು ದಿನ ನಿಂತರೆ ಹತ್ತು ದಿನದ ಕೂಲಿ ಹೋದಂತೆ.

ಮನೆಯಲ್ಲಿ ಮಕ್ಕಳು ಗಾಡಿ ಕೇಳಿದಾಗ ಬೇಡವೆನ್ನಬೇಡಿ, ಕೂಡಲೇ ಹೂಂ ಎನ್ನಲೂ ಬೇಡಿ. ಕಾಗದ ಪೆನ್ನು ಕೊಟ್ಟು ಈ ಲೆಕ್ಕವನ್ನು ಅವರಿಂದಲೇ ಹಾಕಿಸಿ. ಲೆಕ್ಕ ಕೂಡಿ ಬಂದರೆ ಸಂತೋಷದಿಂದ ಕೊಡಿಸಿ.